ಪ್ರಭಾರ ಕುಲಪತಿ ಮತ್ತು ಸಕ್ಕರೆ ಹುಣಸೆ

೪ ಆಗಸ್ಟ್ ೨೦೨೫, ಸೋಮವಾರ

ಇವತ್ತು ಮಧ್ಯಾಹ್ನದಿಂದ ನಾನು ಪ್ರಭಾರ ಕುಲಪತಿ. ಇದ್ದ ಕುಲಪತಿಗಳ ಅವಧಿ ಮುಗಿಯಿತು, ಬರಬೇಕಾದವರು ಯಾರೆಂದು ಬೆಂಗಳೂರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ, ನಡುವೆ ಕುರ್ಚಿ ಖಾಲಿ ಬಿಡುವಂತಿಲ್ಲ. ಡೀನ್‌ಗಳಲ್ಲಿ ಹಿರಿಯ ಯಾರು ಅಂತ ಹುಡುಕಿದರು. ಜೈವಿಕ ತಂತ್ರಜ್ಞಾನ ವಿಭಾಗದಲ್ಲಿ ಈ ಮಹಾಲಿಂಗಯ್ಯ ಸಿಕ್ಕಿದ. ಇಷ್ಟು ವರ್ಷ ತಂತ್ರಜ್ಞಾನ ಕಲಿಸಿದವನಿಗೆ ಇನ್ನು ಮೇಲೆ ತಂತ್ರ ಇದ್ದರೆ ಸಾಕು, ಜ್ಞಾನ ಬೇಕಿಲ್ಲ. ಭಾರ ಅಂದರೆ ಹೊರೆ. ಪ್ರಭಾರ ಅಂದರೆ ಇಳಿಸಿಕೊಳ್ಳುವವರು ಯಾರೂ ಸಿಗದ ಹೊರೆ.

ಕೊಳಾಲದಿಂದ ಅವ್ವ ಫೋನ್ ಮಾಡಿದಳು. ತಮ್ಮನ ಮಗಳು ಬಿಂದುಶ್ರೀ ವಾಟ್ಸಾಪ್ ನೋಡಿ ಹೇಳಿದಳಂತೆ.

"ಏನ್ಲಾ ಮಾಲಿಂಗ, ಕುಲಪತಿ ಆದ್ಯಂತೆ? ಯಾವ ಕುಲುಕ್ಲಾ?"

"ಎಲ್ಲಾ ಕುಲಕ್ಕೂ ಕಣವ್ವ. ಅದೂ ಇನ್‌ಚಾರ್ಜ್ ಅಷ್ಟೇ."

"ಅಂಗಂದ್ರೆ? ಫೋನ್ಗೆ ಸಿಕ್ಕುಸ್ತಾರಲ್ಲ, ಆ ಚಾರ್ಜಾ?"

"ಹಂಗೇ ಅಂದ್ಕೊ. ತುಂಬಿದ ಮೇಲೆ ಕಿತ್ತು ಪಕ್ಕಕ್ಕಿಡ್ತಾರೆ."

"ಕಿತ್ರೆ ಕೀಳ್ಲಿ ಬುಡು. ಅದ್ಗಂಟ ಗಟ್ಟಿಗೆ ಹಿಡ್ಕೊ."

ಹಿಡಿದುಕೊಳ್ಳುವುದಂತೆ! ಹೊಸಬರು ಬಂದ ದಿನವೇ ನಾನು ನನ್ನ ಪ್ರಯೋಗಾಲಯಕ್ಕೆ ಓಡುವವನು. ಸಂಘಮಿತ್ರಾಗೂ ಹಾಗೇ ಹೇಳಿದೆ. ನನ್ನ ಕೈಕೆಳಗೆ ಪಿಎಚ್‌ಡಿ ಮಾಡುವ ಹುಡುಗಿ, ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯವಳು. "ದಿನಾ ಬೆಳಗ್ಗೆ ಒಂದು ಗಂಟೆ ಬರ್ತೀನಮ್ಮ. ನಿನ್ನ ಹುಣಸೆ ಬಿಟ್ಟು ನನಗೇನು ಕೆಲಸ?" ಅಂದೆ. "ಆಯ್ತು ಸಾರ್" ಅಂದಳು. ನಂಬಿದವಳ ಮುಖ ಹಾಗಿರುವುದಿಲ್ಲ.

೧೨ ಆಗಸ್ಟ್, ಮಂಗಳವಾರ

ತಲೆ ಸಿಡಿಯುತ್ತಿದೆ. ಕಡತ, ಕಡತ, ಕಡತ. ಇವುಗಳಲ್ಲಿ ಅರ್ಧ ಕಡತ, ಉಳಿದರ್ಧ ಕೊರೆತ. ಹಾಸ್ಟೆಲಿನ ಒಂದು ಫ್ಯಾನ್ ರಿಪೇರಿಯ ಕಡತ ಬೇಸಿಗೆಯಲ್ಲಿ ಹೊರಟು, ಆರು ಮೇಜು ಸುತ್ತಿ, ಈಗ ಮಳೆಗಾಲದಲ್ಲಿ ನನ್ನ ಬಳಿ ಬಂದಿದೆ. ಕಡತ ತಿರುಗಿದಷ್ಟು ಫ್ಯಾನ್ ತಿರುಗಿದ್ದರೆ ಹುಡುಗರು ಬೆವರುತ್ತಿರಲಿಲ್ಲ.

ಕುಲಸಚಿವ ಸಂಜೀವಯ್ಯನವರು ಪ್ರತಿ ಮಾತಿಗೂ 'ನಿಯಮಾನುಸಾರ' ಸೇರಿಸುತ್ತಾರೆ. ನಿಯಮಾನುಸಾರ ಕಾಫಿ ತರಿಸಲಾ ಸಾರ್ ಅಂತಲೂ ಕೇಳಿಯಾರು. ಕುರ್ಚಿಯ ಮೇಲಿನ ಬಿಳಿ ಟವೆಲ್ ತೆಗೆಸಿದೆ. ಅವರಿಗೆ ಆಘಾತ.

"ಅದು ಇಲ್ದಿದ್ರೆ ಇದು ಕುಲಪತಿಗಳ ಕುರ್ಚಿ ಅಂತ ಹೆಂಗೆ ಗೊತ್ತಾಗುತ್ತೆ ಸಾರ್?"

"ನಾನೇನು ಸ್ನಾನಕ್ಕೆ ಬಂದಿದೀನಾ ಸಂಜೀವಯ್ಯ?"

ಬೆಳಗ್ಗೆ ಪ್ರಯೋಗಾಲಯಕ್ಕೆ ಹೋಗಿದ್ದೆ. ಅದೊಂದೇ ಸಮಾಧಾನ. ಮಧುಗಿರಿಯ ಹಳೆಯ ಎಣ್ಣೆ ಗಿರಣಿಯ ಗೋದಾಮು ನಮ್ಮ ಪಾಲಿಗೆ ಬಂದಾಗ ಗೋಡೆಯೆಲ್ಲ ಕಡ್ಲೆಕಾಯಿ ವಾಸನೆ. ಅದನ್ನು ತಿಕ್ಕಿ ತೊಳೆದು ಒಂದು ತಣ್ಣನೆಯ ಕೋಣೆ ಮಾಡಿಕೊಂಡೆವು. ಒಳಗೆ ಸಾಲುಸಾಲು ಗಾಜಿನ ಬಾಟಲಿ, ಬಾಯಿಗೆ ಹತ್ತಿಯ ಬಿರಡೆ, ತಳದಲ್ಲಿ ಸಾರ ತುಂಬಿದ ಜೆಲ್ಲಿ, ಅದರ ಮೇಲೆ ಉಗುರಿನಷ್ಟು ಹಸಿರು. ನಿಡುಗಲ್ ದಾರಿಯಲ್ಲಿರುವ ಒಂದೇ ಒಂದು ಮುದಿ ಹುಣಸೆಮರದ ಮಕ್ಕಳು ಇವು. ಸಕ್ಕರೆ ಹುಣಸೆ; ಹಣ್ಣು ಹಾಗೇ ಬಾಯಿಗೆ ಹಾಕಿಕೊಂಡರೂ ಮುಖ ಕಿವುಚುವುದಿಲ್ಲ. ಬೀಜ ಬಿತ್ತಿದರೆ ಆ ರುಚಿ ಬರುವ ಖಾತ್ರಿಯಿಲ್ಲ, ಮರದ ಚಿಗುರಿನಿಂದಲೇ ಮಾಡಬೇಕು. ಬಯಲಲ್ಲಿ ಬೆಳೆದ ಮುದಿಮರದ ಚಿಗುರನ್ನು ಬೂಜು ಹಿಡಿಯದಂತೆ ಬಾಟಲಿಗೆ ಒಗ್ಗಿಸಲು ಸಂಘಮಿತ್ರಾ ಮೂರು ವರ್ಷ ಸವೆಸಿದ್ದಾಳೆ.

ಆ ಕೋಣೆಗೆ ನನ್ನದೇ ಕಾನೂನು. ಕೈಕಾಲು ತೊಳೆಯದೆ, ಒಳಗಿನ ಚಪ್ಪಲಿ ಮೆಟ್ಟದೆ ಪ್ರವೇಶವಿಲ್ಲ. ಹೂವು, ತಿಂಡಿ ಒಳಗೆ ಹೋಗುವಂತಿಲ್ಲ. ಹೋದ ವರ್ಷ ಆಗಿನ ಕುಲಪತಿಗಳ ಕೊರಳಿಂದಲೇ ಹಾರ ತೆಗೆಸಿದ್ದೆ. ಅವರ ಮುಖ ಹುಣಸೆಯಾಗಿತ್ತು, ಸಕ್ಕರೆಯಲ್ಲದ್ದು.

೨೩ ಆಗಸ್ಟ್, ಶನಿವಾರ

ಪಟ್ಟನಾಯಕನಹಳ್ಳಿಯ ಕಾಲೇಜೊಂದರ ಸಮಾರಂಭಕ್ಕೆ ಮುಖ್ಯ ಅತಿಥಿ. ಒಂಬತ್ತು ಜನ ಭಾಷಣ ಮಾಡಿದರು, ಆಹಾರಕ್ಕೆ ಮೊದಲು ಬರೀ ಹಾರ. ಕಾರಿಗೆ ಬಂದು ಕೂತಾಗ ನಮ್ಮ ಡ್ರೈವರ್ ದಾಸಯ್ಯ, ಶಿರಾದವನು, ಹಿಂದೆ ತಿರುಗಿ ನೋಡಿದ.

"ಸಾರ್, ಹಾರ ತೆಗೀಬ್ಯಾಡಿ. ಶಿರಾ ಪ್ಯಾಟೇಲಿ ಒಂದ್ ಸುತ್ತು ಹೊಡೀತೀನಿ, ನಮ್ ಜನ ನೋಡ್ಲಿ."

ಬೈದೆ. ಆದರೆ ಹಾರ ತೆಗೆಯುವುದು ಮರೆತುಹೋಗಿತ್ತು, ಶಿರಾ ದಾಟಿದ ಮೇಲೆ ನೆನಪಾಯಿತು. ಪ್ರಯೋಗಾಲಯಕ್ಕೆ ಈ ವಾರ ಹೋಗಲಾಗಿಲ್ಲ. ಸೋಮವಾರ ಖಂಡಿತ.

೬ ಸೆಪ್ಟೆಂಬರ್, ಶನಿವಾರ

ಸಿಂಡಿಕೇಟ್ ಸಭೆ. ಸಿಡುಕಿಗೆ ಅಂತಲೇ ಕರೆದ ಸಭೆ. ಹೊರಗೆ ಬಂದರೆ ಬಾಗಿಲಲ್ಲಿ ಸಂಘಮಿತ್ರಾ, ಅಪಾಯಿಂಟ್‌ಮೆಂಟ್ ಇಲ್ಲದೆ. ಒಂದು ಪದ್ಧತಿ ಅಂತ ಬೇಡವೇ?

"ಸಾರ್, ಮರ ಹೋಯ್ತು."

ರಸ್ತೆ ಅಗಲ ಮಾಡುವವರು ನಿನ್ನೆ ಉರುಳಿಸಿದರಂತೆ. ಅವಳ ಅಜ್ಜಿ ಕೊಲ್ಲಾಪುರಮ್ಮ ಓಡಿಬರುವಷ್ಟರಲ್ಲಿ ಕೊಂಬೆಗಳೆಲ್ಲ ಲಾರಿಯಲ್ಲಿ ಇಟ್ಟಿಗೆ ಗೂಡಿಗೆ ಹೋಗಿವೆ. ಬೊಡ್ಡೆಯನ್ನೂ ಬುಡಸಮೇತ ಎತ್ತಿದ್ದಾರೆ.

"ಇನ್ನು ನಮ್ ಬಾಟ್ಲಿನಲ್ಲಿರೋದೇ ಮರ ಸಾರ್" ಅಂದಳು. ಅಳಲಿಲ್ಲ. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು. ನಾಳೆ ಬಂದು ಬಾಟಲಿ ನೋಡುತ್ತೇನೆ ಅಂದೆ. ನಾಳೆ ಭಾನುವಾರ ಅಂತ ಆಮೇಲೆ ಹೊಳೆಯಿತು.

೧೮ ಸೆಪ್ಟೆಂಬರ್, ಗುರುವಾರ

ಕಾಯಂ ಕುಲಪತಿ ಹುದ್ದೆಗೆ ಅರ್ಜಿ ಹಾಕಿದೆ. ಆಸೆಯಿಂದಲ್ಲ. ಈ ಭಾಗದ ಮಣ್ಣು ನೀರು ಗೊತ್ತಿಲ್ಲದ ಯಾರೋ ಬಂದು ಕೂರಬಾರದು ಅಂತ. ಇದನ್ನು ಹೆಂಡತಿ ಶ್ರೀಲತಾಗೆ ಹೇಳಿದರೆ ಇಸ್ತ್ರಿ ನಿಲ್ಲಿಸಿ ನನ್ನನ್ನೇ ನೋಡಿದಳು. ಕೊರಟಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಅವಳ ಎದುರು ಮಾತು ಎಚ್ಚರದಿಂದ ಆಡಬೇಕು.

"ಮನೇಲಿ ಪತಿಯಾಗಿ ಸಿಕ್ಕಿ ಎಷ್ಟು ದಿನ ಆಯ್ತು ಗೊತ್ತೇನ್ರೀ? ಮೊದಲು ಇಲ್ಲಿ ಪ್ರಭಾರ ವಹಿಸ್ಕೊಳಿ."

ಕೆಲಸ ಮಾಡುವವನಿಗೆ ಮನೆಯಲ್ಲೂ ಬೆಂಬಲವಿಲ್ಲ. ಕಚೇರಿಯಲ್ಲಂತೂ ಶಿಸ್ತೇ ಇಲ್ಲ. ಕುರ್ಚಿಯ ಟವೆಲ್ ಮೂರು ದಿನದಿಂದ ಒಗೆದಿಲ್ಲ. ಅತಿಥಿಗಳು ಬಂದಾಗ ಕೊಳೆ ಟವೆಲ್ ಕಂಡರೆ ಏನಂದುಕೊಂಡಾರು? ಸಂಜೀವಯ್ಯನವರನ್ನು ಕರೆದು ಗಟ್ಟಿಯಾಗಿಯೇ ಹೇಳಿದೆ.

೧ ಅಕ್ಟೋಬರ್, ಬುಧವಾರ, ಆಯುಧಪೂಜೆ

ಬಹಳ ಚೆನ್ನಾಗಿ ನಡೆಯಿತು. ಇಷ್ಟು ದಿನದಲ್ಲಿ ಇದೊಂದಾದರೂ ಚೆನ್ನಾಗಿ ನಡೆಯಿತಲ್ಲ.

ಪ್ರತಿ ವರ್ಷ ನಮ್ಮ ಪ್ರಯೋಗಾಲಯದ ಪೂಜೆ ಬಾಗಿಲ ಹೊರಗೆ. ಚಿಮುಟ, ಕತ್ತರಿ, ಒಂದು ಖಾಲಿ ಬಾಟಲಿಯನ್ನು ಮಣೆಯ ಮೇಲಿಟ್ಟು ಮುಗಿಸುತ್ತಿದ್ದೆವು. ಈ ಸಲ ಸಂಜೀವಯ್ಯ ಒಪ್ಪಲಿಲ್ಲ.

"ಕುಲಪತಿಗಳು ಕಾರಿಡಾರಲ್ಲಿ ನಿಂತು ಮಂಗಳಾರತಿ ತಗೊಂಡ್ರೆ ಏನ್ ಚೆಂದ ಸಾರ್? ಮೆಷಿನ್ನು ಒಳಗೆ, ಪೂಜೆ ಹೊರಗಾ? ಪೇಪರ್‌ನೋರೂ ಬಂದವ್ರೆ."

ಅದೂ ನಿಜವೇ. ಒಳಗೇ ಮಾಡಿದೆವು. ಬಾಟಲಿಗಳ ಕಪಾಟಿಗೆ ಚೆಂಡುಹೂವಿನ ಸರ, ಬಾಗಿಲಿಗೆ ಬಾಳೆಕಂದು, ಸ್ವಿಚ್ ಬೋರ್ಡಿಗೆ ಸೇವಂತಿಗೆ, ಎಲ್ಲಕ್ಕೂ ವಿಭೂತಿ. ಸೋಸಿದ ಗಾಳಿ ಬಿಡುವ ಗಾಜಿನ ಪೆಟ್ಟಿಗೆಗೆ, ಅದಕ್ಕೆ ನಾವು ಲ್ಯಾಮಿನಾರ್ ಅನ್ನುತ್ತೇವೆ, ನಾನೇ ಕುಂಕುಮ ಇಟ್ಟೆ. ಫೋಟೋದವನು ಇನ್ನೊಂದು ಸಲ ಅಂದ. ಇನ್ನೊಂದು ಸಲ ಇಟ್ಟೆ. ಹೊಸ್ತಿಲಲ್ಲಿ ದಾಸಯ್ಯ ಬೂದುಗುಂಬಳ ಒಡೆದ ರಭಸಕ್ಕೆ ಒಂದು ಹೋಳು ಸಂಜೀವಯ್ಯನವರ ನಿಯಮಾನುಸಾರ ಒಗೆದ ಪಂಚೆಯ ಮೇಲೆ ಬಿತ್ತು. ಎಲ್ಲರೂ ನಕ್ಕರು, ಒಬ್ಬಳನ್ನು ಬಿಟ್ಟು. ಸಂಘಮಿತ್ರಾ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಳು, ಗಂಟೆಯ ಸದ್ದಿನಲ್ಲಿ ಕೇಳಲಿಲ್ಲ.

ಪೂಜೆಗಿಟ್ಟ ಆಯುಧವನ್ನು ಅದೇ ದಿನ ಮುಟ್ಟುವ ಹಾಗಿಲ್ಲವಲ್ಲ. ದೀಪದ ಪಕ್ಕ ಕರೆಂಟಿನ ಸಾಮಾನು ಓಡುವುದು ಬೇಡವೆಂದು ಏಸಿ ಆರಿಸಿ, ಬೀಗ ಹಾಕಿಸಿ, ಕೀಲಿಕೈ ನನ್ನ ಡ್ರಾಯರ್‌ನಲ್ಲಿ ಇರಿಸಿದೆ.

೨ ಅಕ್ಟೋಬರ್, ಗುರುವಾರ

ಹಬ್ಬದ ದಿನವೂ ನೆಮ್ಮದಿಯಿಲ್ಲ. ಸಂಘಮಿತ್ರಾ ಫೋನ್. ಕೀ ಬೇಕಂತೆ, ಹೂವು ತೆಗೆಯಬೇಕಂತೆ, ಏಸಿ ಹಾಕಬೇಕಂತೆ. ದಸರಾ ರಜೆ ಮುಗಿದು ಕಚೇರಿ ತೆಗೆಯುವುದು ಸೋಮವಾರ. ಒಂದು ಕೀಲಿಕೈಗೋಸ್ಕರ ಕುಲಪತಿ ರಜೆಯ ದಿನ ಕಚೇರಿಗೆ ಓಡಬೇಕೇ? ಸಂಜೀವಯ್ಯನವರನ್ನು ಕೇಳಿದರೆ, ವಿಸರ್ಜನೆ ಆಗದೆ ಪೂಜೆ ಕದಲಿಸಬಾರದು, ಭಟ್ಟರು ಸೋಮವಾರ ಬರ್ತಾರೆ ಅಂದರು. ಸೋಮವಾರ ಅಂತ ಹೇಳಿ ಇಟ್ಟೆ. ಮತ್ತೆ ಮಾಡಿದಳು. ಎತ್ತಲಿಲ್ಲ.

೭ ಅಕ್ಟೋಬರ್, ಮಂಗಳವಾರ

ಬೂಜು.

ನಿನ್ನೆ ಬಾಗಿಲು ತೆಗೆದರೆ ಕೊಳೆತ ಚೆಂಡುಹೂವಿನ ಕಮಟು. ಒಳಗೆ ಸೆಕೆ. ಹತ್ತಿಯ ಬಿರಡೆಗಳೆಲ್ಲ ಒದ್ದೆ. ಬಾಟಲಿಗಳಲ್ಲಿ ಬಿಳಿ ಎಳೆ, ಹಸಿರು ಪುಡಿ, ಕರಿ ಚುಕ್ಕಿ. ಮುಕ್ಕಾಲು ಪಾಲು ಹೋದ ಹಾಗೇ.

ಅಜಾಗರೂಕತೆ! ಇದಕ್ಕೆ ಬೇರೆ ಹೆಸರಿಲ್ಲ. ಇಷ್ಟು ವರ್ಷ ಕಲಿಸಿದ್ದೇನು, ಇವರು ಕಲಿತದ್ದೇನು? ಮೂವರ ತನಿಖಾ ಸಮಿತಿ ಮಾಡಿದೆ. ಬಾಟಲಿಗಳ ಹೊಣೆ ಸಂಘಮಿತ್ರಾಳದು, ಆದ್ದರಿಂದ ನಿಯಮಾನುಸಾರ ಅವಳಿಂದಲೇ ವಿವರಣೆ ಕೇಳುವ ನೋಟಿಸಿಗೆ ಸಹಿ ಹಾಕಿದೆ. ನನ್ನ ಶಿಷ್ಯೆ ಅಂತ ರಿಯಾಯಿತಿ ತೋರಿಸಿದರೆ ನಾಳೆ ಜನ ಆಡಿಕೊಳ್ಳುತ್ತಾರೆ. ಆಯ್ಕೆಯ ಹೊತ್ತಿನಲ್ಲಂತೂ ಅದು ಬೇಡ: ಹದಿನಾರನೇ ತಾರೀಖು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಶೋಧನಾ ಸಮಿತಿ ನನ್ನನ್ನು ಬೆಂಗಳೂರಿಗೆ ಕರೆದಿದೆ.

೧೪ ಅಕ್ಟೋಬರ್, ಮಂಗಳವಾರ

ನೋಟಿಸಿಗೆ ಉತ್ತರ ಬರೆಯುವ ಬದಲು ಅವಳೇ ನೆಟ್ಟಗೆ ಛೇಂಬರಿಗೆ ಬಂದಳು. ಸಿಟ್ಟು ಬಂದರೆ ಅವಳ ಕನ್ನಡದ ಸಂದಿಯಿಂದ ಪಾವಗಡದ ತೆಲುಗು ಇಣುಕುತ್ತದೆ.

"ಏಮಿ ಸಾರ್ ಇದಿ? ನಂಗೆ ನೋಟಿಸಾ?"

"ಬಾಟಲಿ ನಿನ್ನ ವಶದಲ್ಲಿತ್ತು ತಾನೇ?"

"ಬಾಟ್ಲಿ ನನ್ ವಶ, ರೂಮು ಪೂಜೆ ವಶ. ಐದು ದಿನ ಏಸಿ ಇಲ್ದೆ, ಹೂವಿನ್ ಜೊತೆ ಕೂಡಾಕಿದ್ರೆ ಬೂಜು ಬರ್ದೆ ಬೂಂದಿ ಬರುತ್ತಾ?"

"ಅಂದ್ರೆ ದೇವರ ಮೇಲೆ ತಪ್ಪು ಹೊರಿಸ್ತೀಯಾ?"

"ದೇವ್ರತ್ರ ಕೀ ಇರ್ಲಿಲ್ಲ ಸಾರ್."

ಏನು ಧೈರ್ಯ! ಹೊರಗೆ ಹೋಗು ಅಂದೆ. ಹೋಗಲಿಲ್ಲ. ದನಿ ಇಳಿಸಿದಳು.

"ಎಲ್ಲಾ ಸತ್ತಿಲ್ಲ. ಇಪ್ಪತ್ತು ಬಾಟ್ಲಿನಲ್ಲಿ ಬುಡಕ್ಕೆ ಮಾತ್ರ ಬೂಜು, ತುದಿ ಹಸ್ರಾಗೈತೆ. ತುದಿ ಕಣ್ಣನ್ನ ಕತ್ರಿಸಿ ಹೊಸ ಬಾಟ್ಲಿಗೆ ಹಾಕಿದ್ರೆ ಉಳೀಬಹುದು. ಸಾಸಿವೆಗಿಂತ ಸಣ್ದು. ನಾನು ನಾಲ್ಕು ಮಾಡ್ದೆ, ನಾಲ್ಕೂ ಜಜ್ಜೋದ್ವು. ನಿಮ್ಮ ಕೈಗೆ ಬರುತ್ತೆ ಸಾರ್. ಹೊಸ ಜೆಲ್ಲಿ ಗುರುವಾರ ಬೆಳಗ್ಗೆ ತಯಾರಾಗುತ್ತೆ."

"ಗುರುವಾರ ನನಗೆ ಬೆಂಗಳೂರು. ಶುಕ್ರವಾರ ನೋಡೋಣ."

"ಶುಕ್ರವಾರದ್ಗಂಟ ಬೂಜು ರಜ ಹಾಕಲ್ಲ ಸಾರ್" ಅಂದು ಹೋದಳು.

ಮಾತು ಕಲಿತಿದ್ದಾಳೆ. ಯಾರಿಂದ ಕಲಿತಳೋ.

೧೫ ಅಕ್ಟೋಬರ್, ಬುಧವಾರ

ಹೊಸ ಕೋಟು ಬಂತು. ತೋಳು ಉದ್ದ. ವಿಶ್ವವಿದ್ಯಾನಿಲಯದ ಮುಂದಿನ ಹತ್ತು ವರ್ಷದ ಕನಸು ಅಂತ ಹದಿನೈದು ಪುಟ ಬರೆದುಕೊಂಡಿದ್ದೇನೆ, ಓದಿದರೆ ನನಗೇ ನಿದ್ದೆ ಬರುತ್ತದೆ. ಕನಸಿಗೆ ಅದು ಸರಿಯೇ.

ದಾಸಯ್ಯ, "ಬೆಳಗ್ಗೆ ಏಳಕ್ಕೆ ಗಾಡಿ ತಯಾರ್ ಸಾರ್, ಏನೂ ಫಿಕರ್ ಮಾಡ್ಬ್ಯಾಡಿ" ಅಂದ. ಅವ್ವ, "ಹಿಡ್ಕಂಡಿದ್ದೀಯೇನ್ಲಾ?" ಅಂತ ಕೇಳಿದಳು. ಹೂಂ ಅಂದೆ.

೧೬ ಅಕ್ಟೋಬರ್, ಗುರುವಾರ

ಇಷ್ಟು ಅಧ್ವಾನದ ದಿನ ನನ್ನ ಸೇವಾವಧಿಯಲ್ಲೇ ಇಲ್ಲ. ಒಬ್ಬರಾದರೂ ಒಂದು ಕೆಲಸ ನೆಟ್ಟಗೆ ಮಾಡಿದ್ದರೆ ನಾನು ಸಮಯಕ್ಕೆ ಹೊರಡುತ್ತಿದ್ದೆ.

ಏಳಕ್ಕೆ ಕಾರು ಹತ್ತಿದೆ. ದಾರಿಯಲ್ಲೇ ಪ್ರಯೋಗಾಲಯ. ಹತ್ತು ನಿಮಿಷ ನಿಲ್ಲಿಸು, ಹುಡುಗಿಗೆ ಹೇಗೆ ಕತ್ತರಿಸುವುದೆಂದು ತೋರಿಸಿ ಬರುತ್ತೇನೆ ಅಂದೆ. ಒಳಗೆ ಹೋದರೆ ಲ್ಯಾಮಿನಾರ್‌ನ ಸೋಸುವ ಜಾಲರಿಯ ಮೇಲೆ ಎರಡು ಕುಂಕುಮದ ಬೊಟ್ಟು, ಒಂದರ ಪಕ್ಕ ಒಂದು. ಗಾಳಿ ಅದರ ಮೂಲಕವೇ ಬರಬೇಕು. ಒರೆಸಲು ಹೋದರೆ ಜಾಲರಿಯೇ ಹರಿಯುತ್ತದೆ. ಸಂಘಮಿತ್ರಾ ಮೂಲೆಯ ಇನ್ನೊಂದು ಪೆಟ್ಟಿಗೆಯ ಕಡೆ ಕೈ ತೋರಿಸಿದಳು.

ಬಿ.ಎಸ್ಸಿ. ಮಕ್ಕಳು ಬಳಸುವ ಹಳೆಯ ಪೆಟ್ಟಿಗೆಯನ್ನು ಒರೆಸಿ, ದೀಪ ಹಾಕಿ, ಅಲ್ಲಿ ಕೂತೆ. ಕೋಟಿನ ಉದ್ದ ತೋಳು ಅಡ್ಡ ಬಂತು. ಬಿಚ್ಚಿ ಹೊರಗೆ ದಾಸಯ್ಯನ ಕೈಗೆ ಕೊಟ್ಟೆ. ಕೈಕಾಲು ತೊಳೆದೆ. ಸೂಜಿ ಮೊಂಡು. ಸೂಕ್ಷ್ಮದರ್ಶಕದ ಬಲ್ಬು ಮಿಣಿಮಿಣಿ. ಇಂಥ ಸಾಮಾನು ಇಟ್ಟುಕೊಂಡು ಸಂಶೋಧನೆಯಂತೆ, ಖರೀದಿ ಕಡತ ಯಾವ ಪುಣ್ಯಾತ್ಮನ ಮೇಜಿನ ಮೇಲೆ ಕೂತಿದೆಯೋ ಅಂದೆ. ಆ ಕಡತ ನಿಮ್ಮ ಮೇಜಿನ ಮೇಲೇ ಇದೆ ಸಾರ್ ಅಂದಳು. ಸೂಜಿಯನ್ನು ನಾನೇ ಮಸೆದುಕೊಂಡೆ.

ಮೊದಲನೆಯದು ಜಜ್ಜಿಹೋಯಿತು. ಎರಡು ತಿಂಗಳು ಸಹಿ ಹಾಕಿದ ಕೈ, ಎಲ್ಲಿ ಹಗುರವಾಗಬೇಕೋ ಅಲ್ಲಿ ಒತ್ತುತ್ತದೆ. ಎರಡನೆಯದೂ ಹೋಯಿತು. ಒಂದಾದರೂ ಸರಿಯಾಗಿ ಮಾಡದೆ ಹೇಗೆ ಎದ್ದು ಹೋಗುವುದು?

ಹೊರಗಿಂದ ದಾಸಯ್ಯ ಕೂಗಿದ. "ಸಾರ್, ಈಗ ಬುಟ್ರೆ ಆರಾಮಾಗಿ ಹೋಗ್ಬೋದು!"

ಐದನೆಯದು ಬಂತು. ಎಲೆಯ ಪೊರೆ ಒಂದೊಂದಾಗಿ ಬಿಡಿಸಿದ ಮೇಲೆ ಒಳಗೆ ಹೊಳೆಯುವ ಒಂದು ಗುಂಡು ಬಿಂದು. ಇಡೀ ಮರಕ್ಕೆ ಅಷ್ಟು ಸಾಕು. ಅದನ್ನು ಸೂಜಿಯ ತುದಿಯಲ್ಲಿ ಎತ್ತಿ ಜೆಲ್ಲಿಯ ಮೇಲಿಟ್ಟಾಗ ಉಸಿರು ಹಿಡಿದಿದ್ದೆ. ನನ್ನ ಪಕ್ಕದಲ್ಲಿ ಅವಳೂ.

"ಸಾರ್, ಡಾಬಸ್‌ಪೇಟೆ ಮೇಲೆ ಹೊಡ್ಕೊಂಡೋದ್ರೆ ಇನ್ನೂ ಸಿಗ್ತೈತೆ!"

"ಇದೊಂದು ಮುಗಿಸಿ ಬಂದೆ!"

ಕೋಟಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. "ಸಂಜೀವಯ್ಯ ಸಾಹೇಬ್ರು ಸಾರ್! ಎತ್ತಿ ಏನ್ ಹೇಳ್ಲಿ?" ಅಂದ. ಹೊರಟಿದ್ದಾರೆ ಅಂತ ಹೇಳು ಅಂದೆ. ಸುಳ್ಳಲ್ಲ, ಏಳಕ್ಕೇ ಹೊರಟವನು ನಾನು.

ಆಮೇಲೆ ಬಹಳ ಹೊತ್ತು ಯಾರೂ ಕೂಗಲಿಲ್ಲ. ಹಾಳಾದವನು ನೆನಪು ಮಾಡಬೇಕೋ ಬೇಡವೋ? ಹದಿನೈದನೆಯದೋ ಹದಿನಾರನೆಯದೋ ಕೈಯಲ್ಲಿದ್ದಾಗ ದನಿ ಕೇಳಿತು.

"ಸಾರ್... ನಾನು ಊಟಕ್ ಹೋಗ್ಬರ್ಲಾ?"

ಇಪ್ಪತ್ತರಲ್ಲಿ ಹನ್ನೊಂದು ಹೊಸ ಬಾಟಲಿಗೆ ಹೋದವು. ಕತ್ತು ನೋಯುತ್ತಿದೆ. ಶೋಧನಾ ಸಮಿತಿಯವರು ಇನ್ನೊಂದು ದಿನಾಂಕ ಕೊಡುವುದಿಲ್ಲವಂತೆ. ಸೌಜನ್ಯವಿಲ್ಲದ ಜನ. ಶ್ರೀಲತಾ ಕತ್ತಿಗೆ ಎಣ್ಣೆ ಹಚ್ಚುತ್ತಾ ಇವತ್ತು ಯಾಕೋ ಒಂದೂ ಚುಚ್ಚುಮಾತು ಆಡಲಿಲ್ಲ.

೧೮ ಅಕ್ಟೋಬರ್, ಶನಿವಾರ

ಸಂಜೀವಯ್ಯನವರನ್ನು ಕರೆದು, ನೋಟಿಸ್ ವಾಪಸ್, ತನಿಖಾ ಸಮಿತಿಯೂ ಬೇಡ ಅಂದೆ.

"ನಿಯಮಾನುಸಾರ ಕಾರಣ ನಮೂದಿಸಬೇಕಲ್ಲ ಸಾರ್."

"ತಪ್ಪು ಮಾಡಿದವನು ಪತ್ತೆಯಾದ ಅಂತ ಬರೀರಿ."

"ಯಾರು ಸಾರ್?"

"ಪ್ರಭಾರ ಕುಲಪತಿ."

ಅವರು ನಕ್ಕರು. ನಾನೇ ಬರೆದು ಸಹಿ ಹಾಕಿ ಮುಂದೆ ತಳ್ಳಿದ ಮೇಲೆ ನಗು ನಿಲ್ಲಿಸಿದರು. ಕಡತಕ್ಕೆ ಯಾವ ಸಂಖ್ಯೆ ಕೊಡುವುದು ಅಂತ ಅವರಿಗೆ ಚಿಂತೆ ಹತ್ತಿದೆ. ಇಷ್ಟು ಸಣ್ಣದಕ್ಕೂ ಚಿಂತೆ ಮಾಡುವ ಮನುಷ್ಯ.

೨೪ ಅಕ್ಟೋಬರ್, ಶುಕ್ರವಾರ

ಎರಡು ಬಾಟಲಿಗೆ ಮತ್ತೆ ಬಿಳಿ ಎಳೆ. ನಿನ್ನೆ ಮೂರು ಹೋಗಿದ್ದವು. ಉಳಿದದ್ದು ಆರು. ದರಿದ್ರದ ಬೂಜು. ಕಚೇರಿಗೆ ಹನ್ನೆರಡಕ್ಕೆ ಹೋದೆ.

೩೧ ಅಕ್ಟೋಬರ್, ಶುಕ್ರವಾರ

ಇನ್ನೆರಡು ಹೋದವು. ನಾಲ್ಕು ಶುದ್ಧವಾಗಿವೆ. ಶುದ್ಧ ಅಂದರೆ ಇವತ್ತಿನ ಮಟ್ಟಿಗೆ. ಒಂದರಲ್ಲಿ ಆ ಬಿಂದು ಸೀಳಿ ಒಂದು ಜೊತೆ ಎಲೆ ಬಂದಿದೆ. ದೀಪ ಆರಿಸಿದರೆ ಹುಣಸೆ ಎಲೆ ಮಡಚಿಕೊಂಡು ಮಲಗುತ್ತದೆ. ಬೆಳಗ್ಗೆ ದೀಪ ಹಾಕಿ ಅದು ಬಿಚ್ಚಿಕೊಳ್ಳುವುದನ್ನೇ ಇಬ್ಬರೂ ನೋಡುತ್ತಾ ಕೂತೆವು. ಎಷ್ಟು ನಿಧಾನ ಅಂದರೆ, ಸಂಘಮಿತ್ರಾ ಎರಡು ಸಲ ಕಾಫಿ ಕುಡಿದು ಬಂದಳು. ನಾನು ಏಳಲಿಲ್ಲ. ಕೊನೆಗೆ ಬಿಚ್ಚಿಕೊಂಡಿತು. "ಅಜ್ಜಿಗೆ ಹೇಳ್ಬೋದಾ ಸಾರ್?" ಅಂದಳು. ಬೇರು ಬರುವ ತನಕ ಬಾಯಿ ಬಿಡಬೇಡ ಅಂದೆ. ಅಷ್ಟರಲ್ಲಿ ಅವಳು ಫೋನ್ ಹಿಡಿದು ಹೊರಗೆ ಓಡಿದ್ದಳು. ಒಬ್ಬರೂ ಹೇಳಿದ ಮಾತು ಕೇಳುವುದಿಲ್ಲ.

ಮಧ್ಯಾಹ್ನ ಹಳೆಯ ಪೆಟ್ಟಿಗೆಯ ಮುಂದೆ ಕೂತು, ಎರಡನೆಯ ಬಾಟಲಿಯ ಚಿಗುರನ್ನು ಎರಡಾಗಿಸುತ್ತಿದ್ದೆ. ಸಂಜೀವಯ್ಯ ಗಾಜಿನಾಚೆ ನಿಂತು ಏನೋ ಕೂಗಿದರು. ಆದೇಶ ಬಂತಂತೆ, ಹೊಸ ಕುಲಪತಿಗಳು ಸೋಮವಾರ ಅಧಿಕಾರ ವಹಿಸಿಕೊಳ್ಳುತ್ತಾರಂತೆ. ಹೆಸರೂ ಹೇಳಿದರು, ಪೆಟ್ಟಿಗೆಯ ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ. ತಲೆಯಾಡಿಸಿ ಕಳಿಸಿದೆ.

"ಯಾರಂತೆ ಸಾರ್ ಹೊಸ ವಿಸಿ?" ಅಂದಳು ಸಂಘಮಿತ್ರಾ.

"ಸುಮ್ಮನಿರು ಮಾರಾಯ್ತಿ, ಕೈ ಅಲುಗುತ್ತೆ."